ಗೇಟಿಗೆ ಬೀಗ, ಬಾಯಿಗೂ ಬೀಗ

2024ರ ಆಗಸ್ಟ್ ತಿಂಗಳ ಕೊನೆ. ತಮಿಳುನಾಡಿನ ತಳಿ ಕಡೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಪೋಷಕರ ಸಭೆ. ಬರ್ಗೂರಿನ ಬಳಿಯ ಶಾಲೆಯೊಂದರಲ್ಲಿ ಮಕ್ಕಳ ಮೇಲೆ ನಡೆದ ದೌರ್ಜನ್ಯದ ಸುದ್ದಿ ಕೇಳಿ ಇಡೀ ಕೃಷ್ಣಗಿರಿ ಜಿಲ್ಲೆಯ ತಾಯಂದಿರು ಹೊಟ್ಟೆಯಲ್ಲಿ ಕೆಂಡ ಕಟ್ಟಿಕೊಂಡಿದ್ದ ದಿನಗಳು ಅವು. ಹುಣಸೆಮರದ ಕೆಳಗೆ ಜಮಖಾನ ಹಾಸಿ ಐವತ್ತು ಅರವತ್ತು ಜನ ಕೂತಿದ್ದರು. ಗುಲಾಬಿ ತೋಟಕ್ಕೆ ಕೂಲಿ ಹೋಗುವ ಹೆಂಗಸರು, ಹೊಸೂರು ಸಿಪ್ಕಾಟ್‌ನ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ನಿದ್ದೆಗಣ್ಣಲ್ಲೇ ಬಂದ ಗಂಡಸರು, ಮೊಮ್ಮಕ್ಕಳನ್ನು ಕರೆದೊಯ್ಯಲು ಬಂದ ಅಜ್ಜಿಯರು. ಒಂದು ಗಂಟೆ ಮಾತಾದ ಮೇಲೆ ಪಟ್ಟಿ ತಯಾರಾಯಿತು. ಕಾಂಪೌಂಡ್ ಎರಡು ಅಡಿ ಏರಿಸಬೇಕು. ಗೇಟಿಗೆ ಬೀಗ ಬೇಕು. ಎರಡು ಸಿಸಿಟಿವಿ ಕ್ಯಾಮೆರಾ ಬೇಕು. ಒಬ್ಬ ವಾಚ್‌ಮನ್ ಬೇಕು. ಹಿಂದಿ ಮಾತಾಡುವ ಕೂಲಿಯವರು ಶಾಲೆಯ ಹತ್ತಿರ ಸುಳಿಯಬಾರದು. ಎಲ್ಲರೂ ಕೈ ಎತ್ತಿದರು.

ಮಕ್ಕಳು ಹತ್ತು ಮಾರು ದೂರದಲ್ಲೇ ಕುಂಟಾಬಿಲ್ಲೆ ಆಡುತ್ತಿದ್ದರು. ನಿಮಗೆ ಎಲ್ಲಿ ಭಯವಾಗುತ್ತದೆ ಎಂದು ಅವರನ್ನು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಆ ಪಟ್ಟಿಗೆ ಅಂದು ನಾನೂ ಕೈ ಎತ್ತಿದ್ದೆ. ಇಂದು ಅದರ ವಿರುದ್ಧ ಬರೆಯುತ್ತಿದ್ದೇನೆ. ಆ ಪಟ್ಟಿಯ ಹಿಂದೆ ಒಂದು ಗಟ್ಟಿ ನಂಬಿಕೆ ಇದೆ. ಅಪಾಯ ಹೊರಗಿನಿಂದ ಬರುತ್ತದೆ, ಗೇಟಿನ ಒಳಗೆ ಬಂದ ಮಗು ಸುರಕ್ಷಿತ ಎಂಬ ನಂಬಿಕೆ. ಹೊಸೂರಿನಿಂದ ಅಂಚೆಟ್ಟಿಯವರೆಗೆ, ಬಾಗಲೂರಿನಿಂದ ಬರ್ಗೂರಿನವರೆಗೆ, ಓದಿದವರು ಓದದವರು ಎಂಬ ಭೇದವಿಲ್ಲದೆ ಎಲ್ಲರೂ ಇದನ್ನೇ ನಂಬಿದ್ದಾರೆ. ಈ ನಂಬಿಕೆ ತಪ್ಪು. ತಪ್ಪು ಎಂದಷ್ಟೇ ಹೇಳಿ ಬಿಡುವಂತಿಲ್ಲ, ಇದು ಮಕ್ಕಳನ್ನು ಹಾಳುಮಾಡುವವನಿಗೆ ನಾವೇ ಹಾಕಿಕೊಟ್ಟ ಚಪ್ಪರ.

ಬರ್ಗೂರಿನ ಬಳಿ ಆಗಿದ್ದೇನು ಎಂದು ಇನ್ನೊಮ್ಮೆ ನೋಡಿ. ಒಂದು ಖಾಸಗಿ ಶಾಲೆ. ಗೋಡೆ ಇತ್ತು, ಗೇಟು ಇತ್ತು, ಆಡಳಿತ ಮಂಡಳಿ ಇತ್ತು, ಪ್ರಾಂಶುಪಾಲರಿದ್ದರು. ಆಗಸ್ಟ್ 5ರಿಂದ 9ರವರೆಗೆ ಅಲ್ಲಿ ಎನ್‌ಸಿಸಿ ಶಿಬಿರ ಎಂಬ ಹೆಸರಿನಲ್ಲಿ ಒಂದು ಶಿಬಿರ ನಡೆಯಿತು. ಹೆಣ್ಣುಮಕ್ಕಳನ್ನು ರಾತ್ರಿ ಶಾಲೆಯಲ್ಲೇ ಮಲಗಿಸಿದರು. ಶಿಬಿರ ನಡೆಸಿದವನಿಗೂ ಎನ್‌ಸಿಸಿಗೂ ಯಾವ ಸಂಬಂಧವೂ ಇರಲಿಲ್ಲ. 13 ವರ್ಷದ ಹುಡುಗಿಯೊಬ್ಬಳ ಮೇಲೆ ಅತ್ಯಾಚಾರ, ಇನ್ನೂ ಹಲವು ಮಕ್ಕಳ ಮೇಲೆ ದೌರ್ಜನ್ಯ ನಡೆಯಿತೆಂದು ಪ್ರಕರಣ ದಾಖಲಾಯಿತು. ಮುಖ್ಯ ಆರೋಪಿ ಬಂಧನದ ಹೊತ್ತಿಗೇ ವಿಷ ತೆಗೆದುಕೊಂಡಿದ್ದನೆಂದು ಪೊಲೀಸರು ಹೇಳಿದರು. ಆಗಸ್ಟ್ 23ರಂದು ಸೇಲಂ ಆಸ್ಪತ್ರೆಯಲ್ಲಿ ಸತ್ತ. ಸರ್ಕಾರ ವಿಶೇಷ ತನಿಖಾ ತಂಡ ರಚಿಸಿತು, ಮದ್ರಾಸ್ ಹೈಕೋರ್ಟ್ ವಿಚಾರಣೆಗೆ ತೆಗೆದುಕೊಂಡಿತು.

ಅವನು ಗೋಡೆ ಹಾರಿ ಬರಲಿಲ್ಲ. ಬೀಗ ಮುರಿಯಲಿಲ್ಲ. ಅವನನ್ನು ಬರಮಾಡಿಕೊಂಡರು, ಕುರ್ಚಿ ಹಾಕಿ ಕೂರಿಸಿದರು, ಮಕ್ಕಳಿಗೆ ಸಾಲಾಗಿ ನಿಂತು ಸೆಲ್ಯೂಟ್ ಮಾಡಿ ಎಂದರು. ಗೇಟಿನ ಬೀಗ ಅವನ ಕಡೆಗೇ ಇತ್ತು. ಆ ಬೀಗ ಆ ರಾತ್ರಿಗಳಲ್ಲಿ ಅವನನ್ನು ಹೊರಗಿಡಲಿಲ್ಲ, ಮಕ್ಕಳನ್ನು ಒಳಗಿಟ್ಟಿತು. ಎನ್‌ಸಿಸಿ ಕಚೇರಿಗೆ ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಒಂದು ಕಾಗದ ಕೇಳಿದ್ದರೆ ಸಾಕಿತ್ತು. ಇನ್ನೂ ಘೋರವಾದದ್ದು ಅದರ ನಂತರದ್ದು. ಮಕ್ಕಳು ಹೇಳಿದರೂ ಶಾಲೆಯವರು ಬಾಯಿ ಮುಚ್ಚಿಸಿದರು, ಪೊಲೀಸರಿಗೆ ತಿಳಿಸಲಿಲ್ಲ ಎಂಬುದೇ ಶಾಲೆಯವರ ಬಂಧನಕ್ಕೆ ಕಾರಣವಾಯಿತು. ಶಿಬಿರ ಮುಗಿದು ವಾರದ ಮೇಲೆ ಹುಡುಗಿ ಮನೆಯಲ್ಲಿ ಬಾಯಿ ಬಿಟ್ಟಳು, ಮಹಿಳಾ ಪೊಲೀಸ್ ಠಾಣೆಯಲ್ಲಿ ದೂರು ಆಯಿತು.

ಇದನ್ನು ಓದಿದ ಮೇಲೂ ನಾವು ಹುಣಸೆಮರದ ಕೆಳಗೆ ಕೂತು ಗೋಡೆ ಏರಿಸಲು ಕೈ ಎತ್ತಿದೆವು.

ಹೊರಗಿನವನ ಭಯ ಎಷ್ಟು ಹಳೆಯದೋ ಅಷ್ಟು ಕುರುಡು. 2018ರ ಮೇ ತಿಂಗಳಲ್ಲಿ ವಾಟ್ಸಾಪ್‌ನಲ್ಲಿ ಮಕ್ಕಳ ಕಳ್ಳರ ಸುದ್ದಿ ಹಬ್ಬಿತ್ತು. ನಮ್ಮ ಪಕ್ಕದ ತಿರುವಣ್ಣಾಮಲೈ ಜಿಲ್ಲೆಯ ಪೋಳೂರು ಬಳಿ ಮನೆದೇವರ ಗುಡಿಗೆ ಹೊರಟಿದ್ದ ಕುಟುಂಬವೊಂದು ದಾರಿ ಕೇಳಲು ಕಾರು ನಿಲ್ಲಿಸಿತು. ಅರವತ್ತು ದಾಟಿದ ಹೆಂಗಸು ಅಲ್ಲಿದ್ದ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಜನ ಸೇರಿ ಆಕೆಯನ್ನು ಹೊಡೆದು ಕೊಂದರು. ಎರಡು ತಿಂಗಳ ನಂತರ, ಜುಲೈನಲ್ಲಿ, ಬೀದರ್ ಜಿಲ್ಲೆಯ ಮುರ್ಕಿ ಎಂಬಲ್ಲಿ ಹೈದರಾಬಾದಿನ ಇಂಜಿನಿಯರ್ ಯುವಕನೊಬ್ಬ ಅದೇ ರೀತಿ ಸತ್ತ. ಅವನ ಜೊತೆಯವರೂ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು. ಮಗುವನ್ನು ಕಂಡು ಅಕ್ಕರೆ ಪಟ್ಟವರನ್ನು ಕೊಂದೆವು. ಆ ಎರಡು ಸಾವುಗಳಿಂದ ಯಾವ ಮಗುವೂ ಉಳಿಯಲಿಲ್ಲ.

ಹೊಸೂರಿನಲ್ಲಿ ಈಗ ಆ ಭಯಕ್ಕೆ ಹೊಸ ಮುಖ ಸಿಕ್ಕಿದೆ. ಒಡಿಶಾದಿಂದ, ಬಿಹಾರದಿಂದ, ಜಾರ್ಖಂಡಿನಿಂದ ಬಂದು ಇಲ್ಲಿನ ಕಾರ್ಖಾನೆಗಳಲ್ಲಿ, ಕಟ್ಟಡಗಳಲ್ಲಿ ದುಡಿಯುವವರು. ಅವರ ಮಕ್ಕಳೂ ಇದೇ ಶಾಲೆಗಳಲ್ಲಿ ಓದುತ್ತಾರೆ. ಅವರ ಕಡೆ ಬೆರಳು ತೋರಿಸುವುದು ನಮಗೆ ಬಹಳ ಸುಲಭ, ಏಕೆಂದರೆ ಆ ಬೆರಳು ನಮ್ಮ ಕಡೆ ತಿರುಗುವುದಿಲ್ಲ. ಆದರೆ ಕೇಂದ್ರ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಪ್ರಕಟಿಸಿದ ಅಧ್ಯಯನ ಏನು ಹೇಳಿತ್ತು? 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿದ್ದರು. ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ಅನುಭವಿಸಿದ್ದೇವೆ ಎಂದ ಮಕ್ಕಳು ನೂರಕ್ಕೆ 53. ದೌರ್ಜನ್ಯ ಮಾಡಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿಕೊಂಡಿರಲಿಲ್ಲ. ಆ ಅಧ್ಯಯನದಲ್ಲಿ ಗಂಡುಮಕ್ಕಳ ಪ್ರಮಾಣ ಹೆಣ್ಣುಮಕ್ಕಳಿಗಿಂತ ಕಡಿಮೆ ಇರಲಿಲ್ಲ ಎಂಬುದನ್ನೂ ನಾವು ಮರೆತಿದ್ದೇವೆ. ನಮ್ಮ ಸಭೆಯ ಪಟ್ಟಿಯಲ್ಲಿ ಗಂಡುಮಕ್ಕಳ ಸುದ್ದಿಯೇ ಇರಲಿಲ್ಲ.

ಗೋಡೆ, ಛಾವಣಿ, ಬಸ್ಸು ಇವುಗಳ ಭದ್ರತೆಯನ್ನು ನಾನು ಹಗುರ ಮಾಡುತ್ತಿಲ್ಲ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ ಬಿಸಿಯೂಟದ ಒಲೆಯಿಂದ ತೆಂಗಿನ ಗರಿಯ ಛಾವಣಿಗೆ ಬೆಂಕಿ ಹತ್ತಿ 94 ಮಕ್ಕಳು ಸುಟ್ಟುಹೋದರು. ಈ ರಾಜ್ಯದ ಯಾವ ತಾಯಿಯೂ ಅದನ್ನು ಮರೆತಿಲ್ಲ. 2012ರಲ್ಲಿ ಚೆನ್ನೈನ ತಾಂಬರಂ ಕಡೆ ಎರಡನೇ ತರಗತಿಯ ಮಗು ಶಾಲಾ ಬಸ್ಸಿನ ನೆಲದ ತೂತಿನಿಂದ ಕೆಳಗೆ ಬಿದ್ದು ಸತ್ತಾಗ ಸರ್ಕಾರ ಅದೇ ವರ್ಷ ಶಾಲಾ ಬಸ್ಸುಗಳಿಗೆ ಪ್ರತ್ಯೇಕ ನಿಯಮ ತಂದಿತು. ಗರಿಯ ಛಾವಣಿಗಳು ಹೋದವು, ಬಸ್ಸುಗಳ ತಪಾಸಣೆ ಶುರುವಾಯಿತು. ಇವೆಲ್ಲ ಆಗಬೇಕಾದವೇ. ಕಾಡಾನೆ ಓಡಾಡುವ ಜವಳಗಿರಿ, ಅಂಚೆಟ್ಟಿ ಕಡೆಯ ಶಾಲೆಗೆ ಗೋಡೆ ಬೇಡ ಎನ್ನಲು ನನಗೇನು ಹುಚ್ಚೇ? ಆದರೆ ಬೆಂಕಿಗೆ ಮದ್ದಾದದ್ದು ಮನುಷ್ಯನಿಗೆ ಮದ್ದಲ್ಲ. ಬೆಂಕಿ ಮಗುವಿಗೆ ‘ಯಾರಿಗೂ ಹೇಳಬೇಡ’ ಎಂದು ಕಿವಿಯಲ್ಲಿ ಹೇಳುವುದಿಲ್ಲ.

ಕ್ಯಾಮೆರಾದ ಮಾತಿಗೆ ಬರೋಣ. 2014ರ ಜುಲೈನಲ್ಲಿ, ಹೊಸೂರಿನಿಂದ ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿಯ ಬೆಂಗಳೂರಿನಲ್ಲಿ, ದೊಡ್ಡ ಖಾಸಗಿ ಶಾಲೆಯೊಂದರ ಆರು ವರ್ಷದ ಮಗುವಿನ ಪ್ರಕರಣ ಹೊರಬಿತ್ತು. ಸಾವಿರಾರು ತಂದೆತಾಯಿ ಬೀದಿಗಿಳಿದರು. ಅದರ ಬೆನ್ನಿಗೆ ಶಾಲೆಗಳಿಗೆ ಸಿಸಿಟಿವಿ ಕಡ್ಡಾಯ ಎಂಬ ಸೂಚನೆಗಳು ಬಂದವು. ಅಂದಿನಿಂದ ಕ್ಯಾಮೆರಾ ನಮ್ಮ ಕಡೆಯ ಶಾಲೆಗಳಿಗೂ ಒಂದು ತಾಯಿತವಾಯಿತು. ಜಾಹೀರಾತಿನ ಬೋರ್ಡಿನಲ್ಲಿ ಸ್ಮಾರ್ಟ್ ಕ್ಲಾಸ್ ಎಂಬುದರ ಕೆಳಗೇ ಅದರ ಹೆಸರು. ಆದರೆ ಕ್ಯಾಮೆರಾ ಆಗಿಹೋದದ್ದನ್ನು ತೋರಿಸುತ್ತದೆ, ಆಗುವುದನ್ನು ತಡೆಯುವುದಿಲ್ಲ. ಶೌಚಾಲಯದಲ್ಲಿ ಅದನ್ನು ಹಾಕುವಂತಿಲ್ಲ, ಹಾಕಬಾರದು. ದೃಶ್ಯ ಇರುವ ಪೆಟ್ಟಿಗೆ ಯಾರ ಕೋಣೆಯಲ್ಲಿ ಇರುತ್ತದೆ? ಅದರ ಪಾಸ್‌ವರ್ಡ್ ಯಾರ ಬಳಿ ಇರುತ್ತದೆ? ಶಾಲೆಯ ಹೆಸರು ಕೆಡಬಾರದು ಎಂದುಕೊಂಡವರ ಬಳಿಯೇ. ಗೇಟಿನ ಮೇಲೆ ಕಣ್ಣು ಮಿಟುಕಿಸುವ ಆ ಯಂತ್ರ ತಂದೆತಾಯಿಗೆ ಧೈರ್ಯ ಕೊಡುತ್ತದೆ. ಮಗು ಸಂಜೆ ಮನೆಗೆ ಬಂದು ‘ನಾಳೆ ಸ್ಕೂಲಿಗೆ ಹೋಗಲ್ಲ’ ಎಂದರೆ, ಆ ಧೈರ್ಯವೇ ‘ಯಾಕೆ’ ಎಂಬ ಪ್ರಶ್ನೆಯನ್ನು ನುಂಗಿಬಿಡುತ್ತದೆ.

ಈಗ ಆ ನಂಬಿಕೆಯ ಒಳಗಿನ ಕೊಳೆತ ತಿರುಳು. ಶಾಲೆಯ ಮಾನ. ಊರಿನ ಮಾನ. ಹೆಣ್ಣುಮಗುವಿನ ಮುಂದಿನ ಬದುಕು. ನಾನು ಈ ಮೂರು ಮಾತುಗಳನ್ನು ಪಂಚಾಯ್ತಿ ಕಟ್ಟೆಯಲ್ಲಿ, ಮದುವೆ ಮನೆಯಲ್ಲಿ, ಶಿಕ್ಷಕರ ಕೋಣೆಯಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ‘ಆದದ್ದು ಆಗೋಯ್ತು, ಮಗು ಹೆಸರು ಬೀದಿಗೆ ಬರೋದು ಬೇಡ, ಆ ಮೇಷ್ಟ್ರನ್ನ ಬೇರೆ ಊರಿಗೆ ಹಾಕಿಸಿಬಿಡೋಣ.’ ಹೇಳುವವರು ಕೆಟ್ಟವರಲ್ಲ. ಮಗುವಿನ ಮೇಲೆ ಕನಿಕರ ಇಟ್ಟುಕೊಂಡೇ ಹೇಳುತ್ತಾರೆ. ಆದರೆ ಆ ಬೇರೆ ಊರಿನಲ್ಲಿ ಮಕ್ಕಳಿಲ್ಲವೇ? ಒಂದು ಶಾಲೆಯ ಹೆಸರು ಉಳಿಸಲು ಇನ್ನೊಂದು ಶಾಲೆಯ ಮಕ್ಕಳನ್ನು ಬಲಿ ಕೊಟ್ಟದ್ದಕ್ಕೆ ವರ್ಗಾವಣೆ ಎಂಬ ಹೆಸರು.

ಮಗುವಿನ ಹೆಸರು ಬೀದಿಗೆ ಬರುತ್ತದೆ ಎಂಬ ಭಯಕ್ಕೆ ಕಾನೂನು ಎಂದೋ ಉತ್ತರ ಕೊಟ್ಟಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 23ನೇ ಕಲಂ ಪ್ರಕಾರ ಮಗುವಿನ ಹೆಸರು, ಮನೆ, ಶಾಲೆ, ಗುರುತು ಸಿಗುವ ಏನನ್ನೂ ಪತ್ರಿಕೆ ಟಿವಿಗಳು ಹೊರಗೆ ಹಾಕುವಂತಿಲ್ಲ. 24ನೇ ಕಲಂ ಪ್ರಕಾರ ಹೇಳಿಕೆ ತೆಗೆದುಕೊಳ್ಳಲು ಪೊಲೀಸರೇ ಮಗುವಿನ ಮನೆಗೆ ಬರಬೇಕು, ಇಲ್ಲವೇ ಮಗು ಹೇಳಿದ ಜಾಗಕ್ಕೆ ಬರಬೇಕು. ಆದಷ್ಟೂ ಮಹಿಳಾ ಅಧಿಕಾರಿಯೇ ಬರಬೇಕು, ಸಮವಸ್ತ್ರದಲ್ಲಿ ಬರಬಾರದು. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಇದನ್ನು ನಮ್ಮ ಎಷ್ಟು ಮಂದಿ ಪೋಷಕರಿಗೆ ಯಾರಾದರೂ ಕೂರಿಸಿ ಹೇಳಿದ್ದಾರೆ? ಠಾಣೆಯ ಮೆಟ್ಟಿಲು, ಖಾಕಿ, ಕೋರ್ಟು ಇವುಗಳ ಭಯವನ್ನು ಮಾತ್ರ ತಪ್ಪದೆ ಹೇಳುತ್ತಾರೆ.

ಮುಚ್ಚಿಟ್ಟರೆ ಅದೇ ಒಂದು ಅಪರಾಧ. 19ನೇ ಕಲಂ ಪ್ರಕಾರ ಗೊತ್ತಾದವರು ಯಾರೇ ಇರಲಿ, ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು, ತನ್ನ ಕೈಕೆಳಗಿನವನ ಕೃತ್ಯ ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥನಿಗೆ ಒಂದು ವರ್ಷದವರೆಗೆ. ರಾಜಿಯ ಮಾತೂ ನಡೆಯದು. ರಾಜಸ್ಥಾನದ ಶಿಕ್ಷಕನೊಬ್ಬನ ಪ್ರಕರಣದಲ್ಲಿ ಹುಡುಗಿಯ ತಂದೆ ರಾಜಿ ಮಾಡಿಕೊಂಡಿದ್ದಾರೆ ಎಂದು ಅಲ್ಲಿನ ಹೈಕೋರ್ಟ್ ಪ್ರಕರಣವನ್ನೇ ರದ್ದು ಮಾಡಿತ್ತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಇದು ಇಬ್ಬರು ಗಂಡಸರ ನಡುವಿನ ಜಗಳವಲ್ಲ, ಕೈಕುಲುಕಿ ಮುಗಿಸಲು.

ಶಿಕ್ಷಕ ಮಿತ್ರರು ನನ್ನನ್ನು ಕೇಳುತ್ತಾರೆ: ‘ಮಗು ಏನೋ ಹೇಳಿತು ಅಂತ ಬರೆದುಕೊಟ್ಟರೆ, ಅದು ಸುಳ್ಳಾದರೆ ನಮ್ಮ ಗತಿ ಏನು? ಅಳುವ ಮಗುವಿನ ತಲೆ ಸವರೋದಕ್ಕೂ ಈಗ ಭಯ ಸಾರ್.’ ಈ ಮಾತನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಒಂದನೇ ತರಗತಿಯ ಮೊದಲ ವಾರದಲ್ಲಿ ಅಳುವ ಮಗುವನ್ನು ಎತ್ತಿಕೊಳ್ಳದ ಶಾಲೆ ಶಾಲೆಯೇ ಅಲ್ಲ. ಆದರೆ ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಕ್ರಮವೂ ಇಲ್ಲ ಎಂದು ಅದೇ 19ನೇ ಕಲಂ ಹೇಳುತ್ತದೆ. ಕೇಡೆಣಿಸಿ ಸುಳ್ಳು ದೂರು ಕೊಟ್ಟವರಿಗೆ ಶಿಕ್ಷೆ 22ನೇ ಕಲಂನಲ್ಲಿದೆ. ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಕೆಲಸ ಮುಖ್ಯೋಪಾಧ್ಯಾಯರದ್ದಲ್ಲ. ಅವರು ವಿಚಾರಣೆಗೆ ಕೂತ ಕ್ಷಣದಿಂದಲೇ ಕೇಡು ಶುರು. ಮಗುವನ್ನು ನಿಲ್ಲಿಸಿ ನಾಲ್ಕು ಜನ ದೊಡ್ಡವರು ಸುತ್ತ ಕೂತು ‘ಸರಿಯಾಗಿ ಹೇಳು, ಎಲ್ಲಿ, ಯಾವಾಗ, ಎಷ್ಟು ಸಲ’ ಎಂದು ಕೇಳಿದರೆ ಆ ಮಗು ಇನ್ನು ಜನ್ಮದಲ್ಲಿ ಬಾಯಿ ತೆರೆಯುವುದಿಲ್ಲ.

ಬಾಯಿ ತೆರೆಯದಂತೆ ನಾವು ಮಗುವನ್ನು ಮೊದಲಿಂದಲೂ ಪಳಗಿಸಿದ್ದೇವೆ ಎಂಬುದು ನನ್ನ ದೊಡ್ಡ ಸಂಕಟ. ಜೂನ್ ತಿಂಗಳಲ್ಲಿ ಶಾಲೆಗೆ ಸೇರಿಸಲು ಬಂದ ಅಪ್ಪ ಮೇಷ್ಟರಿಗೆ ಏನು ಹೇಳುತ್ತಾನೆ? ‘ಕಣ್ಣು ಎರಡು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸಾರ್, ಓದು ಬಂದ್ರೆ ಸಾಕು.’ ಕನ್ನಡದಲ್ಲೂ ಹೇಳುತ್ತೇವೆ, ತೆಲುಗಿನಲ್ಲೂ ಹೇಳುತ್ತೇವೆ, ತಮಿಳಿನಲ್ಲೂ ಹೇಳುತ್ತೇವೆ. ಗುರುವಿನ ಮೇಲಿನ ಗೌರವ ಎಂದು ತಿಳಿದು ಹೇಳುತ್ತೇವೆ. ಪಕ್ಕದಲ್ಲೇ ಅಪ್ಪನ ಪಂಚೆಯ ತುದಿ ಹಿಡಿದು ನಿಂತ ಮಗು ಆ ಮಾತನ್ನು ಕೇಳಿಸಿಕೊಳ್ಳುತ್ತಿರುತ್ತದೆ. ಕಣ್ಣೆರಡು ಬಿಟ್ಟು ಉಳಿದ ಮೈಯೆಲ್ಲ ಸಾರ್‌ಗೆ ಸೇರಿದ್ದು ಎಂದು ಅದಕ್ಕೆ ಅಪ್ಪನ ಬಾಯಿಂದಲೇ ಗೊತ್ತಾಯಿತು. ಆರು ತಿಂಗಳ ನಂತರ ಅದೇ ಮಗುವಿಗೆ ಯಾರೋ ಬಂದು ‘ನಿನ್ನ ಮೈ ನಿನ್ನದು, ಯಾರಾದರೂ ಮುಟ್ಟಿದರೆ ಬೇಡ ಅನ್ನು’ ಎಂದು ಹೇಳಿಕೊಡುತ್ತಾರೆ. ಅದು ಯಾವ ಮಾತನ್ನು ನಂಬಬೇಕು?

ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿ 2010ರಿಂದ ಜಾರಿಯಲ್ಲಿದೆ. ಬೆತ್ತ ಇನ್ನೂ ಬೀರುವಿನ ಹಿಂದೆ ನಿಂತಿದೆ. ಬೆತ್ತಕ್ಕೂ ಲೈಂಗಿಕ ದೌರ್ಜನ್ಯಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಬೆತ್ತ ಇರುವ ತರಗತಿಯಲ್ಲಿ ಮಗು ಮೊದಲು ಕಲಿಯುವ ಪಾಠ ಸುಮ್ಮನಿರುವುದು. ಬೇಡ ಎನ್ನುವುದು ಅಲ್ಲಿ ತಪ್ಪು. ಎದುರು ಮಾತಾಡುವುದು ತಪ್ಪು. ಮಗುವನ್ನು ಹಾಳುಮಾಡುವವನಿಗೆ ಬೇಕಾದದ್ದೂ ಅದೇ, ನಾವು ಪಳಗಿಸಿ ಕೈಗೆ ಕೊಟ್ಟ ಸುಮ್ಮನಿರುವ ಮಗು.

ವರ್ಷಕ್ಕೊಮ್ಮೆ ನಡೆಯುವ ಆ ಗುಡ್ ಟಚ್ ಬ್ಯಾಡ್ ಟಚ್ ಪಾಠದ ಬಗ್ಗೆ ನಮ್ಮ ಗಡಿನಾಡಿನವರೇ ಹೇಳಬೇಕಾದ ಮಾತೊಂದಿದೆ. ಆ ಪಾಠ ನಮ್ಮ ಕಡೆ ನಡೆಯುವುದು ತಮಿಳಿನಲ್ಲಿ: ನಲ್ಲ ತೊಡುದಲ್, ಕೆಟ್ಟ ತೊಡುದಲ್. ತಳಿ, ಡೆಂಕಣಿಕೋಟೆ, ಅಂಚೆಟ್ಟಿಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ. ಕನ್ನಡದ ಮಗುವಿಗೆ ತೊಡು ಎಂದರೆ ಬಟ್ಟೆ ತೊಡು. ಪೋಸ್ಟರ್ ತೋರಿಸಿ ಪಾಠ ಮುಗಿಸಿದ ಮೇಲೆ ಒಂದನೇ ತರಗತಿಯ ಹುಡುಗಿಯೊಬ್ಬಳನ್ನು ಏನು ಹೇಳಿದರಮ್ಮಾ ಎಂದು ಕೇಳಿದೆ. ‘ಒಳ್ಳೆ ಬಟ್ಟೆ ಹಾಕ್ಕೊಬೇಕು, ಕೆಟ್ಟ ಬಟ್ಟೆ ಹಾಕ್ಕೊಬಾರ್ದು’ ಎಂದಳು. ಲಂಗದ ಅಂಚನ್ನು ಕೆಳಗೆ ಎಳೆದುಕೊಂಡು ಹೇಳಿದಳು. ತನ್ನ ಬಟ್ಟೆಯಲ್ಲೇ ಏನೋ ತಪ್ಪಿದೆ ಎಂದುಕೊಂಡಿದ್ದಳು ಆ ಕೂಸು. ರಾತ್ರಿಯೆಲ್ಲ ನನಗೆ ಅದೇ ಕಣ್ಣ ಮುಂದೆ.

ಇದು ತಮಿಳಿನ ಮೇಲಿನ ದೂರಲ್ಲ. 2006ರ ತಮಿಳು ಕಲಿಕೆಯ ಕಾಯ್ದೆಯ ನಂತರ ಇಲ್ಲಿ ಒಂದನೇ ತರಗತಿಯಿಂದಲೇ ತಮಿಳು ಕಡ್ಡಾಯ, ನಮ್ಮ ಮಕ್ಕಳು ಕಲಿಯುತ್ತಾರೆ, ಕಲಿಯಲಿ, ಅವರ ಅನ್ನದ ಭಾಷೆಗಳಲ್ಲಿ ಅದೂ ಒಂದು. ಆದರೆ ನೋವು ಹೇಳುವ ಭಾಷೆ ಬೇರೆ. ಪಾಠ ಒಪ್ಪಿಸಲು ಮಗು ಮೂರು ಭಾಷೆ ಬಳಸಬಹುದು, ಹೊಟ್ಟೆ ನೋಯುತ್ತದೆ ಎಂದು ಹೇಳುವುದು ಅಮ್ಮನ ಮಾತಿನಲ್ಲೇ. ಪೋಕ್ಸೊ ಕಾಯ್ದೆ ಬರೆದವರಿಗೆ ಇದು ಗೊತ್ತಿತ್ತು. ಮಗುವಿನ ಮಾತನ್ನು ಅದಕ್ಕೆ ತಿಳಿಯುವ ಸರಳ ಭಾಷೆಯಲ್ಲಿ ಬರೆದುಕೊಳ್ಳಬೇಕು, ಬರೆದುಕೊಂಡದ್ದು ಅದಕ್ಕೆ ತಿಳಿಯದ ಭಾಷೆಯಲ್ಲಿದ್ದರೆ ದುಭಾಷಿಯನ್ನು ಕೊಡಬೇಕು ಎಂದು 19ನೇ ಕಲಂನಲ್ಲೇ ಇದೆ. ಅಪರಾಧ ನಡೆದ ಮೇಲೆ ಸಿಗುವ ಈ ಹಕ್ಕು ಅದಕ್ಕೆ ಮೊದಲು ಯಾಕೆ ಸಿಗಬಾರದು? ಕನ್ನಡ ಬಲ್ಲ, ತೆಲುಗು ಬಲ್ಲ, ಉರ್ದು ಬಲ್ಲ ಒಬ್ಬ ಹೆಂಗಸಾದರೂ ಆ ಪಾಠ ನಡೆಯುವ ದಿನ ತರಗತಿಯಲ್ಲಿ ಇರಬೇಕು. ಅದಕ್ಕೆ ಯಾವ ಆದೇಶವೂ ಬೇಕಿಲ್ಲ. ಬಿಸಿಯೂಟ ಬೇಯಿಸುವ ಅಕ್ಕನಿಗೆ ಬಹಳ ಕಡೆ ಮೂರು ಭಾಷೆಯೂ ಬರುತ್ತದೆ.

ಕನ್ನಡದಲ್ಲಿ ಹೇಳುವುದಕ್ಕೂ ನಮಗೆ ಅಡ್ಡಿ ಇದೆ, ಅದನ್ನೂ ಒಪ್ಪಿಕೊಳ್ಳೋಣ. ಮೈಯ ಆ ಭಾಗಗಳಿಗೆ ನಾವು ಮಕ್ಕಳಿಗೆ ಹೆಸರೇ ಕಲಿಸುವುದಿಲ್ಲ. ‘ಶೇಮ್ ಶೇಮ್’ ಎಂದು ಕಲಿಸುತ್ತೇವೆ. ನಾಚಿಕೆಯೇ ಅದರ ಹೆಸರು. ಅಲ್ಲಿ ನೋವಾದರೆ ಮಗು ತನ್ನ ನಾಚಿಕೆಯನ್ನು ಹೇಳಿಕೊಂಡ ಹಾಗೆ ಆಗುತ್ತದೆ.

ಹಾಗಾದರೆ ಮಗುವನ್ನು ಉಳಿಸುವುದು ಯಾವುದು? ಇದಕ್ಕೂ ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ, ನಾವು ಅದನ್ನು ಓದಿ ಮರೆತೆವು. 2025ರ ಫೆಬ್ರುವರಿಯಲ್ಲಿ, ಮತ್ತೆ ಅದೇ ಬರ್ಗೂರಿನ ಸುತ್ತಿನಲ್ಲಿ, ಸರ್ಕಾರಿ ಮಾಧ್ಯಮಿಕ ಶಾಲೆಯೊಂದರ ಮೂವರು ಶಿಕ್ಷಕರನ್ನು ಪೊಲೀಸರು ಬಂಧಿಸಿದರು. ಎಂಟನೇ ತರಗತಿಯ ಹುಡುಗಿಯ ಮೇಲೆ ಅತ್ಯಾಚಾರದ ಆರೋಪ. ಮೂವರೂ ಅಮಾನತಾದರು. ಇದು ಹೊರಗೆ ಬಂದದ್ದು ಯಾವ ಕ್ಯಾಮೆರಾದಿಂದಲೂ ಅಲ್ಲ, ಯಾವ ವಾಚ್‌ಮನ್‌ನಿಂದಲೂ ಅಲ್ಲ. ಹುಡುಗಿ ಒಂದು ತಿಂಗಳಿಂದ ಶಾಲೆಗೆ ಬಂದಿರಲಿಲ್ಲ. ಯಾಕೆ ಬರಲಿಲ್ಲ ಎಂದು ಮುಖ್ಯೋಪಾಧ್ಯಾಯರು ಮನೆಯವರನ್ನು ವಿಚಾರಿಸಿದರು. ತಾಯಿ ಹೇಳಿದರು. ದೂರು ಆಯಿತು. ಮೂವರೂ ಅವರ ಶಾಲೆಯ ಶಿಕ್ಷಕರೇ ಎಂದು ಗೊತ್ತಾದ ಮೇಲೂ ಅದು ಮುಚ್ಚಿಹೋಗಲಿಲ್ಲ. ಖಾಲಿ ಬಿದ್ದ ಒಂದು ಜಾಗವನ್ನು ನೋಡಿ ಒಬ್ಬರು ಯಾಕೆ ಎಂದರು, ಅಷ್ಟೇ ನಡೆದದ್ದು. ಆ ಪ್ರಶ್ನೆ ಮೂರನೇ ದಿನವೇ ಬಂದಿದ್ದರೆ ಎಂದು ಅನಿಸುತ್ತದೆ, ಆದರೂ ಬಂತಲ್ಲ.

ಅದರ ಮುಂದಿನ ತಿಂಗಳು, ಮಾರ್ಚ್‌ನಲ್ಲಿ, ಅಂಚೆಟ್ಟಿಯ ಬೆಟ್ಟದ ಹಳ್ಳಿಯೊಂದರ 14 ವರ್ಷದ ಹುಡುಗಿಯನ್ನು ಗಂಡನ ಕಡೆಯವರು ಹೊತ್ತುಕೊಂಡು ಹೋಗುವ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಅವಳು ಅಳುತ್ತಾ ಕಿರುಚುತ್ತಾ ಇದ್ದಳು. ಏಳನೇ ತರಗತಿಗೆ ಶಾಲೆ ಬಿಟ್ಟಿದ್ದ ಮಗು. ಅವಳ ಜಾಗ ಖಾಲಿ ಬಿದ್ದಾಗ ಯಾಕೆ ಎಂದು ಕೇಳಿ ಬೆಟ್ಟ ಹತ್ತಿದವರು ಇದ್ದಿದ್ದರೆ ಆ ಮದುವೆ ಆಗುತ್ತಿರಲಿಲ್ಲವೇನೋ.

ಹಿಂದೆ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಗೈರು ಹಾಕುತ್ತಿದ್ದರು. ಒಂದೇ ಹೆಸರಿನ ಮುಂದೆ ಕೆಂಪು ಸಾಲುಗಟ್ಟಿದರೆ ಹಾಳೆ ತಿರುವುವಾಗ ಕಣ್ಣಿಗೆ ಹೊಡೆಯುತ್ತಿತ್ತು. ಈಗ ಮೊಬೈಲಿನ ಆಪ್‌ನಲ್ಲಿ ಬೆರಳು ಒತ್ತಿ ಹಾಜರಿ ಕಳಿಸುತ್ತಾರೆ, ಸಂಖ್ಯೆ ಚೆನ್ನೈಗೆ ಹೋಗುತ್ತದೆ. ಆಪ್ ಬೇಡ ಎನ್ನುತ್ತಿಲ್ಲ. ಆದರೆ ಮೂರು ದಿನ ಬಾರದ ಮಗುವಿನ ಮನೆಗೆ ನಾಲ್ಕನೇ ದಿನ ಒಬ್ಬರು ಹೋಗಲೇಬೇಕು, ಹೋದವರು ಮಗುವನ್ನು ಕಣ್ಣಾರೆ ನೋಡಲೇಬೇಕು ಎಂಬ ಒಂದೇ ಕಟ್ಟುಪಾಡನ್ನು ಶಾಲಾ ನಿರ್ವಹಣಾ ಸಮಿತಿ ಹಾಕಿಕೊಂಡರೆ ಅದು ಹತ್ತು ಕ್ಯಾಮೆರಾಕ್ಕಿಂತ ದೊಡ್ಡದು. ಹಾಗೆಯೇ ಶಿಬಿರ, ಕರಾಟೆ, ಯೋಗ ಎಂದು ಬರುವವರ ಕಾಗದಪತ್ರ ನೋಡದೆ, ಅವರನ್ನು ಕಳಿಸಿದ ಕಚೇರಿಗೆ ಫೋನ್ ಮಾಡದೆ ತರಗತಿಯ ಹೊಸ್ತಿಲು ದಾಟಿಸಬಾರದು. ಶಾಲೆಯ ಪ್ರತಿಯೊಬ್ಬ ನೌಕರನ ಹಿನ್ನೆಲೆಯನ್ನೂ, ಅವನು ಗುತ್ತಿಗೆಯವನೇ ಇರಲಿ, ಪೊಲೀಸರ ಮೂಲಕ ಪರಿಶೀಲಿಸಬೇಕು ಎಂದು 2020ರ ಪೋಕ್ಸೊ ನಿಯಮಗಳು ಹೇಳಿ ವರ್ಷಗಳೇ ಆದವು. ನಮ್ಮ ಸಭೆಯಲ್ಲಿ ಅದನ್ನು ಎತ್ತಿದಾಗ ಬಂದ ಉತ್ತರ: ‘ನಮ್ಮ ಊರಿನ ಹುಡುಗನೇ ಸಾರ್, ಅವನನ್ನ ಅನುಮಾನಿಸೋದಾ?’ ಗೋಡೆಗೆ ಇಷ್ಟು ದುಡ್ಡು ಎತ್ತಿದವರು ಈ ಒಂದು ಅರ್ಜಿಗೆ ಹಿಂದೆಗೆದರು.

ತಮಿಳುನಾಡು ಸರ್ಕಾರ ಶಾಲೆಗಳಲ್ಲಿ ‘ಮಾಣವರ್ ಮನಸು’ ಎಂಬ ಪೆಟ್ಟಿಗೆ ಇಡಿಸಿದೆ. ಮಕ್ಕಳು ತಮ್ಮ ಮನಸ್ಸಿನ ಮಾತು ಬರೆದು ಹಾಕಲಿ ಎಂದು. 14417 ಎಂಬ ಸಹಾಯವಾಣಿ ಇದೆ, ದೇಶಕ್ಕೆಲ್ಲ 1098 ಇದೆ. ಇವು ಒಳ್ಳೆಯ ಏರ್ಪಾಡುಗಳು. ಬರೆಯಲು ಬಾರದ ಒಂದನೇ ತರಗತಿಯ ಮಗು ಪೆಟ್ಟಿಗೆಗೆ ಏನು ಹಾಕಬೇಕು, ಫೋನಿಲ್ಲದ ಮಗು ಯಾವ ನಂಬರ್ ಒತ್ತಬೇಕು ಎಂಬುದು ಮಾತ್ರ ಉಳಿಯುತ್ತದೆ. ಆ ಹಳ್ಳಿಯ ಶಾಲೆಯ ಪೆಟ್ಟಿಗೆಯನ್ನು ಕಳೆದ ವರ್ಷ ನಾವು ಕೆಲವರು ಮುಖ್ಯೋಪಾಧ್ಯಾಯರ ಎದುರೇ ತೆರೆಸಿದೆವು. ಬೀಗ ತುಕ್ಕು ಹಿಡಿದಿತ್ತು, ಕೊಬ್ಬರಿ ಎಣ್ಣೆ ಬಿಟ್ಟು ತಿರುಗಿಸಬೇಕಾಯಿತು. ಒಳಗೆ ಒಂದು ಬಸ್ ಟಿಕೆಟ್, ಎರಡು ಚಾಕೊಲೇಟ್ ಕಾಗದ, ನೋಟ್‌ಬುಕ್‌ನಿಂದ ಹರಿದು ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಪೆನ್ಸಿಲಿನ ಕನ್ನಡ ಅಕ್ಷರ. ‘ಕಕ್ಕಸಿಗೆ ಚಿಲ್ಕ ಇಲ್ಲ. ಅದುಕ್ಕೆ ನಾನು ನೀರು ಕುಡಿಯಲ್ಲ.’

ಹೆಸರಿರಲಿಲ್ಲ, ತಾರೀಕಿರಲಿಲ್ಲ. ಎಷ್ಟು ದಿನದಿಂದ ಆ ಮಗು ನೀರು ಕುಡಿಯದೆ ಮಧ್ಯಾಹ್ನದ ಬಿಸಿಲಲ್ಲಿ ಕೂತಿತ್ತೋ. ಗೋಡೆ ಅಷ್ಟು ಹೊತ್ತಿಗೆ ಎರಡು ಅಡಿ ಏರಿತ್ತು. ಗೇಟಿನ ಮೇಲೆ ಕ್ಯಾಮೆರಾ ಇತ್ತು. ಮುಖ್ಯೋಪಾಧ್ಯಾಯರು ಆ ಹಾಳೆಯನ್ನು ಓದಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿಕೊಂಡರು.

ಅಂದು ಸಂಜೆಯೇ ಡೆಂಕಣಿಕೋಟೆಯಿಂದ ಚಿಲಕ ತಂದೆವು. ಬಡಗಿ ಬಂದು ಬಾಗಿಲಿಗೆ ಹೊಡೆದು ಹೋದ. ಮರುದಿನ ಬೆಳಿಗ್ಗೆ ಎರಡನೇ ತರಗತಿಯ ಹುಡುಗಿಯೊಬ್ಬಳು ಒಳಗೆ ಹೋಗಿ, ಬಾಗಿಲು ಮುಚ್ಚಿ, ಮತ್ತೆ ತೆರೆದು ಹೊರಗೆ ಇಣುಕಿದಳು. ಬಡಗಿ ಚಿಲಕವನ್ನು ತನ್ನ ತಲೆಯ ಮಟ್ಟಕ್ಕೆ ಹೊಡೆದಿದ್ದ. ಅವಳು ಹಿಮ್ಮಡಿ ಎತ್ತಿ, ಕೈ ಚಾಚಿದರೂ ಅದು ಒಂದು ಗೇಣು ಮೇಲಿತ್ತು. ಬಡಗಿಯನ್ನು ಮತ್ತೆ ಕರೆಸಿದೆವು. ಅವನು ಅವಳನ್ನು ಬಾಗಿಲ ಪಕ್ಕ ನಿಲ್ಲಿಸಿಕೊಂಡು, ‘ಕೈ ಎಲ್ಲಿಗೆ ಎಟಕುತ್ತೆ ತೋರ್ಸವ್ವ’ ಎಂದು ಕೇಳಿ, ಅವಳು ಬೆರಳಿಟ್ಟ ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿಕೊಂಡ.